ಕಾನೂನು ಒಪ್ಪಿದೆ, ಸರಿ. ಆದರೆ ತೆರಿಗೆ ಎಲ್ಲಿ ಕಟ್ಟಿದಿರಿ?

ದೊಡ್ಡ ಕಂಪನಿಗಳ ನಿರ್ದೇಶಕರಿಗೆ ಮತ್ತು ಅವರ ತೆರಿಗೆ ಸಲಹೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆದುಕೊಡುವವನು. ಬೇಕರಿ, ಕಾಂಡಿಮೆಂಟ್ಸ್, ಹಾರ್ಡ್‌ವೇರ್ ಅಂಗಡಿ, ಒಂದೆರಡು ದರ್ಶಿನಿ ಹೋಟೆಲು. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೂ ಲೇಟ್ ಫೀ ಬೀಳುತ್ತದೆ. ಒಂದು ಲೆಕ್ಕದಲ್ಲಿ ನಾನೂ ನೀವೂ ಒಂದೇ ಕಸುಬಿನವರು. ಎಷ್ಟು ಕಟ್ಟಬೇಕು, ಎಲ್ಲಿ ಉಳಿಸಬಹುದು ಅಂತ ನೋಡುವುದೇ ಇಬ್ಬರ ಕೆಲಸ. ನನ್ನ ಗಿರಾಕಿಗಳಿಗೆ ಉಳಿಯುವುದು ಸಾವಿರಗಳಲ್ಲಿ, ನಿಮ್ಮವರಿಗೆ ಕೋಟಿಗಳಲ್ಲಿ, ಅಷ್ಟೇ.

ತೆರಿಗೆ ಉಳಿಸುವುದೇ ಪಾಪ ಎಂದು ಬುದ್ಧಿ ಹೇಳಲು ಈ ಪತ್ರ ಬರೆಯುತ್ತಿಲ್ಲ. ಪಿಪಿಎಫ್‌ಗೆ ದುಡ್ಡು ಹಾಕಿ ತೆರಿಗೆ ಕಡಿಮೆ ಮಾಡಿಕೊಳ್ಳಿ ಎಂದು ಕಾನೂನೇ ಕರೆದು ಹೇಳಿದೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳಿಗೆ ರಫ್ತಿನ ಲಾಭದ ಮೇಲೆ 2011ರ ಮಾರ್ಚ್‌ವರೆಗೆ ತೆರಿಗೆ ರಜೆ ಇತ್ತು. ಸಂಸತ್ತು ತಿಳಿದೇ ಕೊಟ್ಟಿದ್ದು, ತಗೊಂಡವರ ಮೇಲೆ ನನಗೆ ದೂರಿಲ್ಲ. ಯಾರೂ ಕೊಡದ ವಿನಾಯಿತಿಯನ್ನು ಕಾಗದದ ಮೇಲೆ ನೀವೇ ಕಟ್ಟಿಕೊಳ್ಳುತ್ತೀರಲ್ಲ, ಆಮೇಲೆ "ಎಲ್ಲವೂ ಕಾನೂನು ಪ್ರಕಾರವೇ ಇದೆ" ಎಂದು ಒಂದು ಸಾಲು ಹೇಳಿ ಕೈ ತೊಳೆದುಕೊಳ್ಳುತ್ತೀರಲ್ಲ, ನನ್ನ ತಕರಾರು ಅದರ ಮೇಲೆ.

2025ರ ಜುಲೈ ನಿಮಗೂ ನೆನಪಿರಬಹುದು. ಬೆಂಗಳೂರಿನ ಎಷ್ಟೋ ಬೇಕರಿ, ಬೀಡಾ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ಹಾಕಿ "ನೋ ಯುಪಿಐ, ಓನ್ಲಿ ಕ್ಯಾಶ್" ಎಂದು ಚೀಟಿ ಅಂಟಿಸಿದ್ದರು. ವರ್ಷದ ವಹಿವಾಟು ಸರಕಿನದಾದರೆ 40 ಲಕ್ಷ, ಸೇವೆಯದಾದರೆ 20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು, ಮಿತಿ ದಾಟಿಯೂ ನೋಂದಣಿ ಇಲ್ಲದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. 2021-22ರಿಂದ ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ. ತರಕಾರಿ ಮಾರುವವರಿಗೂ ಹೋಗಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ಆಗ ಒಂದು ಬೇಕರಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಕೂತಿದ್ದೆ. ಹತ್ತು ರೂಪಾಯಿ, ಹದಿನೈದು ರೂಪಾಯಿ, ಮೂವತ್ತು ರೂಪಾಯಿ. ಪುಟಗಟ್ಟಲೆ ಅದೇ. ಇದರಲ್ಲಿ ಹಾಲಿನ ಪ್ಯಾಕೆಟ್ ಯಾವುದು, ಬ್ರೆಡ್ ಯಾವುದು, ಟೀ ಯಾವುದು, ಸಿಗರೇಟು ಯಾವುದು ಎಂದು ಬಿಡಿಸಬೇಕು. ಹಾಲು, ಬ್ರೆಡ್ಡಿಗೆ ತೆರಿಗೆ ಇಲ್ಲ. ಸಿಗರೇಟಿಗೆ ಸಿಕ್ಕಾಪಟ್ಟೆ ಜಾಸ್ತಿ. ಹತ್ತು ರೂಪಾಯಿ ನೋಡಿ ಅದು ಏನೆಂದು ಯಾರು ಹೇಳಬೇಕು? ನಡುವೆ ಎಲ್ಲೋ ಒಂದು 50 ಸಾವಿರ ಬಂದು ಕೂತಿತ್ತು. "ಇದೇನಣ್ಣ?" ಎಂದೆ. "ಅದು ನಮ್ ಭಾವ ಕೈಸಾಲ ವಾಪಸ್ ಹಾಕಿದ್ದು" ಎಂದರು. ಅದೂ ವಹಿವಾಟಿನ ಮೊತ್ತದಲ್ಲಿ ಸೇರಿಹೋಗಿತ್ತು.

ನೋಟಿಸ್ ಕೊಟ್ಟಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಗೊತ್ತಿದ್ದೂ ನೋಂದಣಿ ಮಾಡಿಸದೆ ಕೂತವರು ಇದ್ದರು, ಅಂಥವರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು, ಹಳೇ ಬಾಕಿ ಕೇಳುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು. ನಾನು ತೋರಿಸಲು ಹೊರಟಿದ್ದು ಇಷ್ಟು: ಆ ಬೇಕರಿಯವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಂಗಡಿ ಒಂದೇ, ಖಾತೆ ಒಂದೇ, ಪ್ಯಾನ್ ನಂಬರ್ ಒಂದೇ. ಹತ್ತು ರೂಪಾಯಿಯ ಟೀಯೂ ಸರ್ಕಾರದ ಕಣ್ಣಿಗೆ ಬಿದ್ದಿತ್ತು.

ಇದೇ ಊರಿನ ಇನ್ನೊಂದು ಅಂಗಡಿ ನೋಡೋಣ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಆದರೆ ಅದರ ಮೇಲೆ ಕೂತ ಒಡೆಯ ಕಂಪನಿ ಸಿಂಗಪುರದ್ದಾಗಿತ್ತು. ಆ ಸಿಂಗಪುರ ಕಂಪನಿಯ ಷೇರುದಾರರಲ್ಲಿ ಮಾರಿಷಸ್‌ನ ಕಂಪನಿಗಳಿದ್ದವು. ಆ ಮಾರಿಷಸ್ ಕಂಪನಿಗಳ ಹಿಂದೆ ಇದ್ದಿದ್ದು ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್. 2018ರಲ್ಲಿ ವಾಲ್‌ಮಾರ್ಟ್ 16 ಬಿಲಿಯನ್ ಡಾಲರ್‌ಗೆ ಫ್ಲಿಪ್‌ಕಾರ್ಟ್‌ನ ಸುಮಾರು ಶೇ. 77 ಪಾಲು ತಗೊಂಡಿತು. ಟೈಗರ್ ಗ್ಲೋಬಲ್ ಕಡೆಯ ಷೇರು ಕೊಂಡಿದ್ದು ಲಕ್ಸೆಂಬರ್ಗಿನ ಒಂದು ಕಂಪನಿ. ಮಾರಿದವರು, ಒಂದೇ ಆದಾಯಕ್ಕೆ ಎರಡೂ ದೇಶದಲ್ಲಿ ತೆರಿಗೆ ಬೀಳದಿರಲಿ ಎಂದು ಮಾಡಿಕೊಂಡ ಭಾರತ-ಮಾರಿಷಸ್ ಒಪ್ಪಂದ ತೋರಿಸಿ, ನಮಗೆ ಇಲ್ಲಿ ತೆರಿಗೆ ಬರುವುದಿಲ್ಲ ಎಂದರು. ತೆರಿಗೆ ಬರುತ್ತದಾ ಇಲ್ಲವಾ ಎಂದು ಮೊದಲೇ ಹೇಳುವ ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲಿ ಅದನ್ನು ಒಪ್ಪಲಿಲ್ಲ. 2024ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತು. ಅಲ್ಲಿಂದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹತ್ತಿತು.

ಕಾನೂನಿನ ವಾದದಲ್ಲಿ ಯಾರು ಸರಿ ಎನ್ನುವುದು ಕೋರ್ಟಿನ ಕೆಲಸ. ನನ್ನ ಕಣ್ಣು ಹೋಗುವುದು ವಿಳಾಸಗಳ ಮೇಲೆ. ಆರ್ಡರ್ ಮಾಡಿದವರು ಮಂಡ್ಯದಲ್ಲಿ, ಕಲಬುರಗಿಯಲ್ಲಿ. ಡಬ್ಬ ತಂದುಕೊಟ್ಟ ಹುಡುಗ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ. ಕೋಡ್ ಬರೆದವರು ಕೋರಮಂಗಲದಲ್ಲಿ. ಈ ಎಲ್ಲರಿಂದ ಬೆಳೆದ ಬೆಲೆ ನಗದಾಗುವಾಗ ಮಾತ್ರ ವ್ಯವಹಾರ ಸಿಂಗಪುರ, ಮಾರಿಷಸ್, ಲಕ್ಸೆಂಬರ್ಗ್ ಸುತ್ತಿ ಬರುತ್ತದೆ. ಅಷ್ಟು ಸುತ್ತು ಯಾಕೆ ಬೇಕಾಯಿತು ಎಂದು ಕೇಳಿದರೆ ಹೂಡಿಕೆದಾರರ ಅನುಕೂಲ, ಒಪ್ಪಂದದ ಭದ್ರತೆ ಎಂದೆಲ್ಲ ಹೇಳುತ್ತೀರಿ. ಅದರಲ್ಲಿ ಸ್ವಲ್ಪ ನಿಜವೂ ಇದೆ. ತೆರಿಗೆ ಮಾತ್ರ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದರೆ ನಂಬೋದು ಕಷ್ಟ.

ವೊಡಾಫೋನ್ ಪ್ರಕರಣ ಇದಕ್ಕಿಂತ ಹಳೆಯದು. 2007ರಲ್ಲಿ ಅದರ ಡಚ್ ಕಂಪನಿ ಕೇಮನ್ ದ್ವೀಪದ ಒಂದು ಕಂಪನಿಯ ಷೇರು ಕೊಂಡಿತು. ಒಂದೇ ಒಂದು ಷೇರು. ಬೆಲೆ ಸುಮಾರು 11 ಬಿಲಿಯನ್ ಡಾಲರ್. ಆ ಒಂದು ಷೇರಿನ ಹಿಂದೆ ಭಾರತದ ಹಚಿಸನ್ ಎಸ್ಸಾರ್ ಮೊಬೈಲ್ ಕಂಪನಿಯ ಶೇ. 67ರಷ್ಟು ಹಿತಾಸಕ್ತಿ ಇತ್ತು. ಲಾಭ ಮಾಡಿದ್ದು ಮಾರಿದ ಹಚಿಸನ್. ತೆರಿಗೆ ಹಿಡಿದುಕೊಂಡು ದುಡ್ಡು ಕೊಡಬೇಕಿತ್ತು ಎಂದು ಇಲಾಖೆ ಕೊಂಡವರ ಬೆನ್ನು ಹತ್ತಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಪರ ತೀರ್ಪು ಕೊಟ್ಟಿತು. ಸರ್ಕಾರ ಏನು ಮಾಡಿತು? ಇಂಥ ವಿದೇಶಿ ಷೇರಿನ ಮಾರಾಟಕ್ಕೂ ಇಲ್ಲಿ ತೆರಿಗೆ ಬರುವಂತೆ ಅದೇ ವರ್ಷದ ಬಜೆಟ್‌ನಲ್ಲಿ ಕಾನೂನು ತಿದ್ದಿ, ಅದು 1962ರಿಂದಲೇ ಹೀಗಿತ್ತು ಎಂದಿತು. ಇದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಆಟ ಮುಗಿದ ಮೇಲೆ ನಿಯಮ ಬದಲಾಯಿಸಿದರೆ ಯಾರಿಗೆ ನಂಬಿಕೆ ಉಳಿಯುತ್ತದೆ? 2020ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಭಾರತ ಸೋತಿತು. 2021ರಲ್ಲಿ ಸರ್ಕಾರವೇ ಆ ಹಿಂದಿನ ತಾರೀಖಿನ ತೆರಿಗೆಯನ್ನು ಕೈಬಿಟ್ಟಿತು. ಆದರೆ ಸರ್ಕಾರ ಕೆಟ್ಟದಾಗಿ ನಡೆದುಕೊಂಡಿತು ಎನ್ನುವುದರಿಂದ ಆ ಕೇಮನ್ ಷೇರಿನ ಏರ್ಪಾಡು ಒಳ್ಳೆಯದಾಗಿಬಿಡುವುದಿಲ್ಲ, ಅಲ್ವಾ?

ನಿಮ್ಮ ವಕೀಲರು ಇಂಥ ಹೊತ್ತಿನಲ್ಲಿ ಎತ್ತುವ ಹಳೇ ಬ್ರಿಟಿಷ್ ಪ್ರಕರಣ ಒಂದಿದೆ. ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್, ಬ್ರಿಟನ್ನಿನ ಅತಿ ಶ್ರೀಮಂತರಲ್ಲಿ ಒಬ್ಬ. ತನ್ನ ತೋಟದ ಮಾಲಿಗೆ ಕೊಡುವ ದುಡ್ಡನ್ನು ಸಂಬಳ ಎನ್ನದೆ, ವರ್ಷಾಸನ ಎಂದು ಪತ್ರ ಮಾಡಿಸಿದ. ಸಂಬಳ ಎಂದರೆ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ, ವರ್ಷಾಸನ ಎಂದರೆ ಬರುತ್ತದೆ. ಮಾಲಿ ಅದೇ ತೋಟದಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ. 1930ರ ದಶಕದಲ್ಲಿ ಹೌಸ್ ಆಫ್ ಲಾರ್ಡ್ಸ್ ಡ್ಯೂಕ್ ಪರವಾಗಿ ನಿಂತಿತು. ತೆರಿಗೆ ಕಡಿಮೆಯಾಗುವಂತೆ ತನ್ನ ವ್ಯವಹಾರ ಜೋಡಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎಂದಿತು. ಪ್ರತಿಯೊಬ್ಬನಿಗೂ ಅಂದರೆ ಆ ಮಾಲಿಗೂ ಇದ್ದಿರಬೇಕು. ಅವನು ಏನನ್ನು ಜೋಡಿಸಿಕೊಳ್ಳಬೇಕಿತ್ತೋ!

ನಮ್ಮ ಸುಪ್ರೀಂ ಕೋರ್ಟ್ 1985ರಲ್ಲಿ ಬೇರೆ ದಾರಿ ಹಿಡಿಯಿತು. ಅದು ಮೆಕ್‌ಡವೆಲ್ ಪ್ರಕರಣ. ಹೆಸರು ನಮ್ಮ ಊರಿಗೆ ಪರಿಚಿತ, ವ್ಯಾಜ್ಯ ಮಾತ್ರ ಆಂಧ್ರದ ಮಾರಾಟ ತೆರಿಗೆಯದು. ಮದ್ಯ ಕೊಳ್ಳುವವರೇ ಅಬಕಾರಿ ಸುಂಕವನ್ನು ನೇರವಾಗಿ ಖಜಾನೆಗೆ ಕಟ್ಟುವ ಏರ್ಪಾಡು ಮಾಡಿಕೊಂಡು, ಆ ದುಡ್ಡು ನಮ್ಮ ವಹಿವಾಟಿಗೆ ಸೇರುವುದಿಲ್ಲ ಎಂದು ಕಂಪನಿ ವಾದಿಸಿತ್ತು. ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಲಿಲ್ಲ. ಕಾನೂನಿನ ಚೌಕಟ್ಟಿನೊಳಗೆ ತೆರಿಗೆ ಯೋಜನೆ ಮಾಡಿಕೊಳ್ಳಿ, ಆದರೆ ತೋರಿಕೆಯ ತಂತ್ರಗಳು ಅದರಲ್ಲಿ ಬರುವುದಿಲ್ಲ ಎಂದಿತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಪ್ರತ್ಯೇಕವಾಗಿ ಬರೆದ ಮಾತುಗಳನ್ನು ನಾನು ಆಗಾಗ ಓದುತ್ತಿರುತ್ತೇನೆ. ಚಾಲಾಕಿಗಳು ತಪ್ಪಿಸಿಕೊಂಡ ತೆರಿಗೆಯ ಹೊರೆ ಏನೂ ಅರಿಯದ ಒಳ್ಳೆಯ ನಾಗರಿಕರ ಹೆಗಲಿಗೆ ಬೀಳುತ್ತದೆ, ಇದು ನೀತಿಯ ಪ್ರಶ್ನೆ ಎಂಬುದು ಅವರ ಮಾತಿನ ತಿರುಳು. ಆಮೇಲೆ 2003ರಲ್ಲಿ ಮಾರಿಷಸ್ ಒಪ್ಪಂದದ ಪ್ರಕರಣದಲ್ಲಿ ಕೋರ್ಟೇ ಗಾಳಿಯನ್ನು ಸ್ವಲ್ಪ ಕಂಪನಿಗಳ ಕಡೆಗೆ ತಿರುಗಿಸಿತು. 2017ರಿಂದ ತೆರಿಗೆ ತಪ್ಪಿಸುವುದೇ ಮುಖ್ಯ ಉದ್ದೇಶವಾದ ಏರ್ಪಾಡುಗಳನ್ನು ಒಪ್ಪದಿರುವ ಅಧಿಕಾರ ಕಾನೂನಿನಲ್ಲೇ ಬಂದಿದೆ. ಹೀಗೆ ಹಗ್ಗಜಗ್ಗಾಟ ನಡೆದೇ ಇದೆ. ನಲವತ್ತು ವರ್ಷ ದೊಡ್ಡ ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರದ ವಿಷಯವನ್ನು ನೀವು "ಸಂಪೂರ್ಣ ಕಾನೂನುಬದ್ಧ" ಎಂದು ಪತ್ರಿಕಾ ಹೇಳಿಕೆಯಲ್ಲಿ ಮುಗಿಸಿಬಿಡುತ್ತೀರಿ.

"ನಮ್ಮ ಕರ್ತವ್ಯ ಷೇರುದಾರರಿಗೆ" ಎಂಬುದು ನಿಮ್ಮ ಎರಡನೇ ಮಾತು. ಕಂಪನಿ ಕಾಯ್ದೆ 2013ರ ಕಲಂ 166 ತೆಗೆದು ನೋಡಿ. ನಿರ್ದೇಶಕನು ಕಂಪನಿ, ನೌಕರರು, ಷೇರುದಾರರು, ಸಮುದಾಯ, ಪರಿಸರ ಇಷ್ಟರ ಹಿತವನ್ನೂ ನೋಡಬೇಕು ಎಂದಿದೆ. ಸಮುದಾಯ ಎಂಬ ಮಾತನ್ನು ನಾನು ಸೇರಿಸಿದ್ದಲ್ಲ, ಅದು ಕಾಯ್ದೆಯಲ್ಲೇ ಇದೆ.

ಸಂವಿಧಾನ ಒಂದು ಕಡೆ ಸುಮ್ಮನಿದೆ, ಅದನ್ನೂ ಹೇಳಬೇಕು. 1976ರಲ್ಲಿ ಮೂಲಭೂತ ಕರ್ತವ್ಯಗಳನ್ನು ಸೇರಿಸುವಾಗ, ತೆರಿಗೆ ಕಟ್ಟುವುದೂ ಅದರಲ್ಲಿರಲಿ ಎಂದು ಸ್ವರಣ್ ಸಿಂಗ್ ಸಮಿತಿ ಸಲಹೆ ಕೊಟ್ಟಿತ್ತು. ಅದನ್ನು ಬಿಟ್ಟುಬಿಟ್ಟರು. ಹಾಗಾಗಿ ರಾಷ್ಟ್ರಗೀತೆಗೆ ಗೌರವ ಕೊಡುವುದು ನಮ್ಮ ಮೂಲಭೂತ ಕರ್ತವ್ಯ, ತೆರಿಗೆ ಕಟ್ಟುವುದು ಅಲ್ಲ. ನಿಮ್ಮ ಆಫೀಸಿನಲ್ಲಿ ಆಗಸ್ಟ್ 15ರಂದು ಬಾವುಟ ಹಾರಿಸಿ ಸಿಹಿ ಹಂಚುತ್ತೀರಲ್ಲ, ಆ ಫೋಟೋ ನೋಡಿದಾಗೆಲ್ಲ ನನಗೆ ಸ್ವರಣ್ ಸಿಂಗ್ ನೆನಪಾಗುತ್ತಾರೆ.

ಇನ್ನು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಕಳೆದ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ನ್ನು ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡಬೇಕು. ಸರ್ಕಾರಿ ಶಾಲೆಗೆ ಬಣ್ಣ, ಒಂದು ಶೌಚಾಲಯ, ನಾಲ್ಕು ಕಂಪ್ಯೂಟರ್, ಗೋಡೆ ಮೇಲೆ ಕಂಪನಿಯ ಲೋಗೋ. ಒಳ್ಳೆಯದೇ, ಮಕ್ಕಳಿಗೆ ಅನುಕೂಲವಾಗಿದೆ. ಆದರೆ ಈ ಶೇ. 2 ಯಾವುದರ ಮೇಲೆ? ಇಲ್ಲಿ ತೋರಿಸಿದ ಲಾಭದ ಮೇಲೆ. ಇಲ್ಲಿನ ಕಂಪನಿ ತನ್ನ ವಿದೇಶಿ ಮಾತೃಸಂಸ್ಥೆಗೆ ಬ್ರ್ಯಾಂಡಿನ ಹೆಸರು ಬಳಸಿದ್ದಕ್ಕೆ ರಾಯಲ್ಟಿ, ಸಲಹೆಗೆ ಶುಲ್ಕ, ಸಾಲಕ್ಕೆ ಬಡ್ಡಿ ಎಂದು ಕಟ್ಟುತ್ತಾ ಹೋದರೆ ಇಲ್ಲಿನ ಲಾಭ ಕರಗುತ್ತದೆ. ಲಾಭ ಕರಗಿದರೆ ತೆರಿಗೆಯೂ ಕಡಿಮೆ, ಸಿಎಸ್‌ಆರ್ ಕೂಡ ಕಡಿಮೆ. ರಾಯಲ್ಟಿ ಎಲ್ಲವೂ ಸುಳ್ಳು ಎನ್ನುತ್ತಿಲ್ಲ. ನಿಜವಾದ ತಂತ್ರಜ್ಞಾನಕ್ಕೆ ಕೊಡಲೇಬೇಕು. ಆದರೆ ಅದರ ಬೆಲೆ ಕಟ್ಟುವವರು ಒಂದೇ ಮನೆಯ ಇಬ್ಬರು. ನನ್ನ ಹಾರ್ಡ್‌ವೇರ್ ಅಂಗಡಿಯವರು ತಮ್ಮ ಹೆಸರಿನ ಬೋರ್ಡಿಗೆ ತಾವೇ ಬಾಡಿಗೆ ಕಟ್ಟಿ ಖರ್ಚು ಎಂದು ಬರೆಯಿರಿ ಅಂದರೆ ನಾನು ಬರೆಯುವುದಿಲ್ಲ. ಬರೆದರೆ ನೋಟಿಸ್ ಬರುತ್ತದೆ.

ಶೇ. 2 ಕೊಟ್ಟು ಲೋಗೋ ಹಾಕುವವರಿಗೆ ಗೊತ್ತಿರಬೇಕಾದ ಇನ್ನೊಂದು ಪ್ರಸಂಗ ಬ್ರಿಟನ್ನಿನದು. ಸ್ಟಾರ್‌ಬಕ್ಸ್ ಅಲ್ಲಿ 14 ವರ್ಷದಲ್ಲಿ ಸುಮಾರು 300 ಕೋಟಿ ಪೌಂಡ್ ವ್ಯಾಪಾರ ಮಾಡಿ, ಕಟ್ಟಿದ್ದ ಕಂಪನಿ ತೆರಿಗೆ ಸುಮಾರು 86 ಲಕ್ಷ ಪೌಂಡ್. 2012ರಲ್ಲಿ ಇದು ಹೊರಗೆ ಬಂದು ಜನ ಸಿಟ್ಟಾದರು. ಗೂಗಲ್, ಅಮೆಜಾನ್, ಸ್ಟಾರ್‌ಬಕ್ಸ್ ಮೂವರನ್ನೂ ಸಂಸದೀಯ ಲೆಕ್ಕಪತ್ರ ಸಮಿತಿ ಕರೆಸಿತು. ನೀವು ಕಾನೂನು ಮುರಿದಿರಿ ಎನ್ನುತ್ತಿಲ್ಲ, ನಡೆದುಕೊಂಡಿದ್ದು ಅನೈತಿಕ ಎನ್ನುತ್ತಿದ್ದೇವೆ ಎಂದು ಅಧ್ಯಕ್ಷೆ ಮಾರ್ಗರೆಟ್ ಹಾಡ್ಜ್ ಮುಖಕ್ಕೇ ಹೇಳಿದರು. ಆಗ ಸ್ಟಾರ್‌ಬಕ್ಸ್ ಎರಡು ವರ್ಷದಲ್ಲಿ 2 ಕೋಟಿ ಪೌಂಡ್ ಕೊಡುತ್ತೇವೆ ಎಂದಿತು. ಇದನ್ನು ಗೆಲುವು ಎಂದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ತೆರಿಗೆ ಎಷ್ಟು ಎಂದು ಕಟ್ಟುವವರೇ ನಿರ್ಧರಿಸಿ, ಮನಸ್ಸು ಬಂದಷ್ಟು ಕೊಡುವುದು ಕಾಣಿಕೆ ಹುಂಡಿಯಲ್ಲಿ ಸರಿ. ನಮ್ಮ ಬೇಕರಿಯವರಿಗೆ ಆ ಸೌಲಭ್ಯ ಇಲ್ಲ.

"ಸರ್ಕಾರಕ್ಕೆ ಕಟ್ಟಿ ಏನು ಪ್ರಯೋಜನ, ರಸ್ತೆ ನೋಡಿ" ಎನ್ನುತ್ತೀರಿ. ಔಟರ್ ರಿಂಗ್ ರೋಡಿನ ಗುಂಡಿಗಳ ಫೋಟೋ ಹಾಕಿ, ಊರು ಬಿಟ್ಟು ಹೋಗುತ್ತೇವೆ ಎನ್ನುತ್ತೀರಿ. ಗುಂಡಿ ನಿಜ, ನಿಮ್ಮ ಸಿಟ್ಟು ನ್ಯಾಯ. ಅದೇ ಗುಂಡಿಯಲ್ಲಿ ನಾನೂ ಸ್ಕೂಟರ್ ಓಡಿಸುತ್ತೇನೆ. ಆದರೆ ಹಣದ ದಾರಿಯನ್ನೂ ನೋಡಿ. ಕಂಪನಿ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ. 15ನೇ ಹಣಕಾಸು ಆಯೋಗದ ಪ್ರಕಾರ 2021ರಿಂದ 2026ರ ಮಾರ್ಚ್‌ವರೆಗೆ ಹಂಚಿಕೆಯ ತೆರಿಗೆಯಲ್ಲಿ ಶೇ. 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕದ ಪಾಲು ಶೇ. 3.647 ಇತ್ತು. ಅದಕ್ಕೂ ಹಿಂದಿನ ಆಯೋಗ ಶೇ. 4.713 ಕೊಟ್ಟಿತ್ತು. ಆ ಇಳಿಕೆ ದೊಡ್ಡ ಅನ್ಯಾಯವಾಗಿತ್ತು, ಅದು ಬೇರೆಯೇ ಪತ್ರಕ್ಕೆ ವಿಷಯ. ರಾಜ್ಯಕ್ಕೆ ಬರುವ ಪಾಲೂ ನೀವು ಕಟ್ಟದ ತೆರಿಗೆಯಿಂದ ಇನ್ನಷ್ಟು ಸಣ್ಣದಾಗುತ್ತದೆ. ಕಟ್ಟಿದವರು ರಸ್ತೆ ಕೇಳಿದರೆ ಆ ಮಾತಿಗೆ ತೂಕ ಜಾಸ್ತಿ.

ಇನ್ನು, ನಿಮಗೆ ಸರ್ಕಾರ ಏನೂ ಕೊಟ್ಟಿಲ್ಲ ಎನ್ನುವ ಹಾಗೂ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯ ದರವನ್ನು ಶೇ. 30ರಿಂದ 22ಕ್ಕೆ ಇಳಿಸಲಾಯಿತು. ಬೇರೆ ವಿನಾಯಿತಿ ಬಿಟ್ಟರೆ ಸಾಕು ಎಂಬುದು ಷರತ್ತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕೈಬಿಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತ್ತು. 2023-24ರಲ್ಲಿ ಕಂಪನಿಗಳಿಂದ ಬಂದ ನಿವ್ವಳ ತೆರಿಗೆ ಸುಮಾರು 9.1 ಲಕ್ಷ ಕೋಟಿ. ವ್ಯಕ್ತಿಗಳ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ. ಅಂದರೆ ನಿಮ್ಮ ಕಂಪನಿಗಳೆಲ್ಲ ಸೇರಿ ಕಟ್ಟಿದ್ದಕ್ಕಿಂತ ಸಂಬಳದವರು, ಸಣ್ಣ ವ್ಯಾಪಾರಿಗಳು, ಇತರರು ಸೇರಿ ಕಟ್ಟಿದ್ದು ಜಾಸ್ತಿ. ಸಂಬಳದವರಿಗೆ ಟಿಡಿಎಸ್ ಮುರಿದುಕೊಂಡೇ ಸಂಬಳ ಬರುತ್ತದೆ. ಅವರಿಗೆ ಮಾರಿಷಸ್ ಎಂದರೆ ಹನಿಮೂನ್ ಪ್ಯಾಕೇಜ್.

ಹಾಗಾದರೆ ನಾನು ಕೇಳುವುದೇನು? ಜಾಸ್ತಿ ತೆರಿಗೆ ಕಟ್ಟಿ ಎಂದೂ ಕೇಳುತ್ತಿಲ್ಲ. ತೋರಿಸಿ ಎನ್ನುತ್ತಿದ್ದೇನೆ. ಯಾವ ದೇಶದಲ್ಲಿ ಎಷ್ಟು ವ್ಯಾಪಾರ, ಎಷ್ಟು ನೌಕರರು, ಎಷ್ಟು ಲಾಭ, ಎಷ್ಟು ತೆರಿಗೆ. ಒಂದು ಪುಟ ಸಾಕು. ಹೊಸದಾಗಿ ಲೆಕ್ಕ ಮಾಡುವ ಕಷ್ಟವೂ ಇಲ್ಲ. 6,400 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಅಂತರರಾಷ್ಟ್ರೀಯ ಸಮೂಹಗಳು ಇದನ್ನೇ ದೇಶವಾರು ವರದಿ ಎಂದು ತೆರಿಗೆ ಇಲಾಖೆಗೆ ಕೊಡಬೇಕು. ಅದು ಗುಟ್ಟಿನ ಕಡತ, ನಮ್ಮ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಯುರೋಪಿಯನ್ ಒಕ್ಕೂಟ 2021ರಲ್ಲಿ ಇಂಥ ವರದಿ ಸಾರ್ವಜನಿಕವಾಗಿರಬೇಕು ಎಂದು ನಿಯಮ ಮಾಡಿತು. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿತು. ತಮಾಷೆ ಏನು ಗೊತ್ತಾ? ಕೇಮನ್ ಷೇರಿನ ಆ ವೊಡಾಫೋನೇ ಯಾವ ದೇಶಕ್ಕೆ ಎಷ್ಟು ಕಟ್ಟಿದೆ ಎಂದು ವರ್ಷಗಳಿಂದ ತಾನಾಗಿ ಪ್ರಕಟಿಸುತ್ತಿದೆ. ವ್ಯಾಪಾರ ಮುಳುಗಿಹೋಗುವಂಥ ಗುಟ್ಟೇನೂ ಅದರಲ್ಲಿ ಇರಲಿಲ್ಲ ಎಂದಾಯಿತು.

ಈ ಪುಟ ಹೊರಗೆ ಬಂದರೆ ನೂರು ನೌಕರರೂ ಇಲ್ಲದ ದ್ವೀಪದಲ್ಲಿ ಸಾವಿರ ಕೋಟಿ ಲಾಭ ಹೇಗೆ ಬಂತು ಎಂದು ಯಾರಾದರೂ ಕೇಳುತ್ತಾರೆ. ಉತ್ತರ ಇದ್ದರೆ ಹೇಳಿ. ಇಲ್ಲದಿದ್ದರೆ ಮುಂದಿನ ಸಲ ಆ ಏರ್ಪಾಡಿಗೆ ಸಹಿ ಹಾಕುವಾಗ ನಿಮ್ಮ ಕೈಯೇ ಸ್ವಲ್ಪ ತಡೆಯುತ್ತದೆ. ಸಲಹೆಗಾರರಿಗೂ ಅಷ್ಟೇ. "ಇದು ಕೋರ್ಟಿನಲ್ಲಿ ನಿಲ್ಲುತ್ತದಾ?" ಎಂದು ನೀವು ಕೇಳಿಕೊಳ್ಳುತ್ತೀರಿ. ಜೊತೆಗೆ "ಇದನ್ನು ಕಂಪನಿಯ ನೌಕರರ ಮುಂದೆ ಬಿಡಿಸಿ ಹೇಳಬಹುದಾ?" ಎಂದೂ ಕೇಳಿಕೊಳ್ಳಿ.

ನಿಮ್ಮಲ್ಲಿ ಕೆಲವರ ಕಂಪನಿಯ ಷೇರುಗಳು ನನ್ನ ಡಿಮ್ಯಾಟ್ ಖಾತೆಯಲ್ಲೂ ಇವೆ. ಹತ್ತು, ಇಪ್ಪತ್ತು, ಅಷ್ಟೇ. ನನ್ನ ಗಿರಾಕಿಗಳಲ್ಲೂ ಹಲವರು ಷೇರು ಕೊಂಡಿದ್ದಾರೆ, ಎಸ್‌ಐಪಿ ಕಟ್ಟುತ್ತಾರೆ. ಷೇರುದಾರರ ಹಿತ ಎನ್ನುವಾಗ ನಮ್ಮ ಹೆಸರನ್ನೂ ಸೇರಿಸಿಯೇ ಹೇಳುತ್ತಿದ್ದೀರಿ, ಹಾಗಾಗಿ ಮಾತಾಡುವ ಹಕ್ಕು ನಮಗೂ ಇದೆ. ವಾರ್ಷಿಕ ಮಹಾಸಭೆ ಈಗ ವಿಡಿಯೋದಲ್ಲೇ ನಡೆಯುವುದರಿಂದ ಮುಂಬೈಗೆ ರೈಲು ಹತ್ತುವ ಖರ್ಚಿಲ್ಲ. ಮುಂದಿನ ಸಭೆಗೆ ಮಾತನಾಡುವವರ ಪಟ್ಟಿಯಲ್ಲಿ ಹೆಸರು ಕೊಡುತ್ತೇನೆ, ನಾಲ್ಕೈದು ಜನರ ಕೈಯಲ್ಲೂ ಕೊಡಿಸುತ್ತೇನೆ. ನಮ್ಮ ಪ್ರಶ್ನೆ ಒಂದೇ ಇರುತ್ತದೆ, ಆ ದೇಶವಾರು ಪುಟ ವಾರ್ಷಿಕ ವರದಿಯ ಎಷ್ಟನೇ ಪುಟದಲ್ಲಿದೆ ಎಂದು.

ಇಂತಿ,
ಸಣ್ಣ ಅಂಗಡಿಗಳ ಒಬ್ಬ ಲೆಕ್ಕದವನು
ಬೆಂಗಳೂರು